ಬಚ್ಚಲ ಚಿಲಕ ತೆಗೆಸು

ಲೆಸ್ಟರ್
ಭಾನುವಾರ ರಾತ್ರಿ

ಅಮ್ಮನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಅಜ್ಜಿ ಬಚ್ಚಲಲ್ಲಿ ಜಾರಿದ್ದನ್ನು ತಮ್ಮ ಹೇಳಿದ. ಮೂಳೆಗೆ ಏನೂ ಆಗಿಲ್ಲ ಅಂತ ಗೊತ್ತಾದ ಮೇಲೇ ನನಗೆ ಊಟ ಸೇರಿದ್ದು. "ಅಲ್ಲಿ ಒಂಟಿ ಮುದುಕರನ್ನು ನೋಡಿಕೊಳ್ಳೋಕೆ ಏನೇನೋ ಮೆಷಿನ್ ಇವೆಯಂತಲ್ಲ" ಅಂತ ಕೇಳಿದ್ದೆ ನೀನು. ಇವೆ. ಕೇಳು.

ಮುದುಕರ ಮನೆಮನೆಗೆ ಹೋಗಿ ನೋಡಿಕೊಳ್ಳೋದು ತಾನೇ ನನ್ನ ಕೆಲಸ. ಬೆಳಿಗ್ಗೆ ಏಳಕ್ಕೆ ಮೊದಲ ಮನೆ. 88 ವರ್ಷದ ಅಜ್ಜಿ, ಒಬ್ಬರೇ ಇರುತ್ತಾರೆ. ಹೆಸರು ಬರೆಯೋ ಹಾಗಿಲ್ಲ, ಕೆಲಸದ ನಿಯಮ. ಬಾಗಿಲ ಪಕ್ಕ ಗೋಡೆಗೆ ಒಂದು ಪುಟ್ಟ ಡಬ್ಬಿ. ನಂಬರ್ ಒತ್ತಿದರೆ ತೆರೆಯುತ್ತೆ, ಅದರೊಳಗೆ ಬೀಗದ ಕೈ. ಮನೆಯೊಳಗೆ ಹೋದ ಕೂಡಲೇ ಅಲ್ಲಿರುವ ಕ್ಯೂಆರ್ ಕೋಡ್‌ಗೆ ಫೋನ್ ಹಿಡಿಯಬೇಕು. ನಾನು ಬಂದದ್ದು ಆಫೀಸಿಗೆ ಗೊತ್ತಾಗುತ್ತೆ. ಬಾರದಿದ್ದರೂ ಗೊತ್ತಾಗುತ್ತೆ! ಮಾತ್ರೆ ಪಟ್ಟಿಯೂ ಆಪ್‌ನಲ್ಲೇ. ಒಂದೊಂದು ಕೊಟ್ಟ ಹಾಗೆಲ್ಲ ಟಿಕ್ ಹಾಕಬೇಕು. ಬೇಡ ಅಂದರೆ ಯಾಕೆ ಅಂತ ಬರೆಯಬೇಕು. ಅರ್ಧ ಗಂಟೆಯಲ್ಲಿ ಸ್ನಾನ, ತಿಂಡಿ, ಮಾತ್ರೆ ಎಲ್ಲ ಮುಗೀಬೇಕು. ಸುಮ್ನೆ ಕೂತು ಮಾತಾಡಿದ್ದಕ್ಕೆ ಮಾತ್ರ ಟಿಕ್ ಇಲ್ಲ.

ಆಮೇಲೆ ಕೊರಳಿಗೆ ಹಾಕೋ ಒಂದು ಗುಂಡಿ. ಒತ್ತಿದರೆ ಕಾಲ್ ಸೆಂಟರಿನವರು ಮನೆಯಲ್ಲಿರೋ ಸ್ಪೀಕರ್‌ನಿಂದಲೇ "ಏನಾಯ್ತು?" ಅಂತ ಕೇಳುತ್ತಾರೆ. ಈ ಅಜ್ಜಿಗೆ ಅದು ಕಂಡರಾಗದು. ಹೋದ ತಿಂಗಳು ನಾನು ಹೋದಾಗ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು, ಕೈಕಾಲು ತಣ್ಣಗೆ. ಗುಂಡಿ ಬಾತ್‌ರೂಮಿನ ಕೊಕ್ಕೆಯಲ್ಲಿ ನೇತಾಡುತ್ತಿತ್ತು. ಎಷ್ಟು ಹೊತ್ತಾಯ್ತು ಅಂದರೆ "ಆಗಿನ್ನೂ ಕತ್ತಲಿತ್ತು" ಅಂದರು. ಬಿದ್ದವರನ್ನು ಗಬಕ್ಕನೆ ಎತ್ತಬಾರದು ಅಮ್ಮ, ಮೊದಲು ಏಟು ನೋಡಬೇಕು. ಸೊಂಟ ನೋವು ಅಂದರು. ಆಂಬುಲೆನ್ಸ್‌ಗೆ ಅಂತ 999ಕ್ಕೆ ಫೋನ್ ಮಾಡಿ, ಕಂಬಳಿ ಹೊದಿಸಿ, ಪಕ್ಕದಲ್ಲೇ ನೆಲಕ್ಕೆ ಕೂತೆ. ಅಷ್ಟರಲ್ಲಿ ಮುಂದಿನ ಮನೆಗೆ ತಡವಾಗಿದೆ ಅಂತ ನನ್ನ ಫೋನ್ ಬಡಕೊಳ್ಳುತ್ತಲೇ ಇತ್ತು. ಪುಣ್ಯಕ್ಕೆ ಅಜ್ಜಿಯ ಮೂಳೆ ಮುರಿದಿರಲಿಲ್ಲ. ಈಗ ಗುಂಡಿಗೆ ಕೈಪಟ್ಟಿ ತರಿಸಿ ಕಟ್ಟಿದ್ದೇವೆ. ವಾಚ್ ಥರ ಇದೆ ಅಂತಲೋ ಏನೋ, ತೆಗೆದಿಲ್ಲ.

ಇನ್ನೊಂದು ತಮಾಷೆ. ಇಲ್ಲಿ ಹಳೇ ಫೋನ್ ಲೈನ್‌ಗಳನ್ನೆಲ್ಲ 2027ರ ಜನವರಿ ಒಳಗೆ ಇಂಟರ್ನೆಟ್‌ಗೆ ಬದಲಾಯಿಸುತ್ತಿದ್ದಾರೆ. ಹಳೇ ಲೈನಿಗೆ ಕರೆಂಟ್ ಟೆಲಿಫೋನ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಇನ್ನು ಮನೆ ಕರೆಂಟ್ ಹೋದರೆ ರೌಟರ್ ಆಫ್, ಬ್ಯಾಟರಿ ಇಟ್ಟಿಲ್ಲದಿದ್ದರೆ ಅದನ್ನು ನಂಬಿದ ಗುಂಡಿಯೂ ಆಫ್. ಟ್ರೇನಿಂಗ್‌ನಲ್ಲಿ ಇದನ್ನು ಗಂಭೀರವಾಗಿ ಹೇಳಿದರು. ತೀರ್ಥಹಳ್ಳಿ ಮಳೆಗಾಲ ಕಂಡ ನನಗೆ ನಗು ಬಂತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಫ್ರಿಜ್ ಬಾಗಿಲಲ್ಲಿರೋ ಪುಟ್ಟ ಪ್ಲಾಸ್ಟಿಕ್ ಬಾಟಲಿ. ಲಯನ್ಸ್ ಕ್ಲಬ್ಬಿನವರು ಕೊಡೋದು. ಕಾಯಿಲೆ, ಮಾತ್ರೆ, ಮಕ್ಕಳ ನಂಬರ್ ಬರೆದ ಚೀಟಿ ಅದರೊಳಗಿರುತ್ತೆ. ಮನೆ ಬಾಗಿಲ ಒಳಗಡೆ ಅಂಟಿಸಿದ ಸ್ಟಿಕ್ಕರ್ ನೋಡಿ ಆಂಬುಲೆನ್ಸಿನವರು ಸೀದಾ ಫ್ರಿಜ್ ತೆಗೆಯುತ್ತಾರೆ. ನೀನೂ ಅಜ್ಜಿಯ ಮಾತ್ರೆ ಹೆಸರೆಲ್ಲ ಬರೆದಿಡು. 108 ಬಂದಾಗ ಹುಡುಕಾಡೋದು ತಪ್ಪುತ್ತೆ.

ಗುಂಡಿ ಕಳಿಸು ಅಂತ ತಮ್ಮ ಕೇಳಿದ. ಆಮೇಲೆ ನೋಡೋಣ. ಮೊದಲು ಬಚ್ಚಲ ಒಳಚಿಲಕ ತೆಗೆಸು. ಅಜ್ಜಿ ಬೈದರೆ ನಾನು ಹೇಳಿದೆ ಅನ್ನು. ಹಂಡೆ ಪಕ್ಕದ ಪಾಚಿ ಉಜ್ಜಿಸು, ಗೋಡೆಗೊಂದು ಹಿಡಿಕೆ ಹಾಕಿಸು. ದುಡ್ಡು ಶುಕ್ರವಾರ ಹಾಕುತ್ತೇನೆ.

ಅಪ್ಪನಿಗೆ ಕೇಳಿದೆ ಅಂತ ಹೇಳು.

ನಿನ್ನ ಮಗಳು