ಘಾಟಿಯ ಸುದ್ದಿ ಸಾಕು, ಊರೊಳಗಿನ ರಸ್ತೆಯ ಪಾಚಿ ನೋಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಶುರುವಾಯಿತೆಂದರೆ ಪತ್ರಿಕೆಗಳಲ್ಲಿ ಆಗುಂಬೆ ಘಾಟಿಯ ಫೋಟೊ ಬರುತ್ತದೆ. 14 ತಿರುವು, ಧರೆ ಕುಸಿತ, ಭಾರೀ ವಾಹನಗಳಿಗೆ ನಿರ್ಬಂಧ. ಬರಲಿ, ಬೇಡ ಅನ್ನುವುದಿಲ್ಲ. ಆದರೆ ತೀರ್ಥಹಳ್ಳಿ ಪೇಟೆಯ ಅಂಗಡಿ, ಬ್ಯಾಂಕು, ಆಸ್ಪತ್ರೆಗಳಲ್ಲಿ ಕೆಲಸ ಮುಗಿಸಿ ಸಂಜೆ ಹೊತ್ತು ಮನೆಗೆ ಹೊರಡುವ ನಮ್ಮಂಥವರು ಬೀಳುವುದು ಘಾಟಿಯಲ್ಲಲ್ಲ. 169ಎ ಹೆದ್ದಾರಿ ಬಿಟ್ಟು ಊರಿನ ಕಡೆ ತಿರುಗಿದ ಮೇಲೆ, ಇನ್ನೇನು ಮನೆ ಬಂತು ಅನ್ನುವಾಗ, ಪಾಚಿ ಕಟ್ಟಿದ ಕಾಂಕ್ರೀಟ್ ರಸ್ತೆಯಲ್ಲಿ.

ಮಣ್ಣು ರಸ್ತೆ ಇದ್ದಾಗ ಕೆಸರಿನ ಕಾಟವಿತ್ತು. ಕಾಂಕ್ರೀಟ್ ಬಂದಾಗ ಊರಿಗೆ ಊರೇ ಖುಷಿಪಟ್ಟಿತು, ಅದು ತಪ್ಪೂ ಅಲ್ಲ. ಆದರೆ ಮೇಲೆ ಮರದ ನೆರಳು, ಪಕ್ಕದ ಧರೆಯಿಂದ ದಿನವಿಡೀ ಜಿನುಗುವ ನೀರು, ಚರಂಡಿ ಮುಚ್ಚಿಹೋಗಿ ಆ ನೀರೆಲ್ಲ ರಸ್ತೆಯ ಮೇಲೇ ಹರಿಯುವುದು, ಇಷ್ಟಿದ್ದರೆ ಆರಿದ್ರಾ ಮಳೆ ಮುಗಿಯುವುದರೊಳಗೆ ರಸ್ತೆ ಹಸಿರಾಗುತ್ತದೆ. ಪುನರ್ವಸು, ಪುಷ್ಯ ಬರುವ ಹೊತ್ತಿಗೆ ನಡೆದು ಹೋಗುವವರೂ ಅಂಚಿನ ಹುಲ್ಲು ಹುಡುಕಿ ಕಾಲಿಡುತ್ತಾರೆ. ಡಾಂಬರು ರಸ್ತೆಯೂ ಜಾರುತ್ತದೆ ಅನ್ನಬಹುದು. ಹೌದು, ಮೊದಲ ಮಳೆಗೆ ಆಯಿಲ್, ದೂಳು ಎಲ್ಲ ಸೇರಿ ಜಾರುತ್ತದೆ, ನಾಲ್ಕು ಜೋರು ಮಳೆ ಬಿದ್ದರೆ ತೊಳೆದು ಹೋಗುತ್ತದೆ. ಪಾಚಿ ಹಾಗಲ್ಲ. ಮಳೆ ಬಂದಷ್ಟೂ ಬೆಳೆಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟುವ ಮಳೆ, ಇನ್ನು ಸುತ್ತಲಿನ ಊರುಗಳ ಕತೆ ಕೇಳಬೇಕಾ?

ಈ ರಸ್ತೆಗಳಲ್ಲಿ ಒಂದು ವಿಚಿತ್ರ ಇದೆ. ಜೀಪು, ಪಿಕಪ್‌ಗಳ ಚಕ್ರ ಉಜ್ಜಿ ಉಜ್ಜಿ ಎರಡು ಪಟ್ಟಿ ಮಾತ್ರ ಬೆಳ್ಳಗೆ ಇರುತ್ತವೆ, ನಡುವೆ ಮತ್ತು ಎರಡೂ ಅಂಚಿನಲ್ಲಿ ಹಸಿರು. ಬೈಕಿನವರೆಲ್ಲ ಆ ಪಟ್ಟಿ ಹಿಡಿದೇ ಹೋಗುತ್ತೇವೆ. ಎದುರಿಗೆ ಗಾಡಿ ಬಂತೋ, ಸೈಡ್ ಕೊಡಲೇಬೇಕು, ಅಗಲ ಇರುವುದೇ ಒಂದು ಗಾಡಿಗೆ ಆಗುವಷ್ಟು. ಅಂಚಿಗೆ ಸರಿದ ಕೂಡಲೇ ಮುಂದಿನ ಚಕ್ರ ಪಾಚಿ ಮೇಲೆ. ಅಲ್ಲಿ ಬ್ರೇಕ್ ಮುಟ್ಟಿದರೂ ಕಷ್ಟ, ಹ್ಯಾಂಡಲ್ ತಿರುಗಿಸಿದರೂ ಕಷ್ಟ. ಮೋಡದ ದಿನ ಆರು ಗಂಟೆಗೇ ಕತ್ತಲು, ಕರೆಂಟ್ ಬೇರೆ ಇರುವುದಿಲ್ಲ, ಹೆಡ್‌ಲೈಟ್ ಬೆಳಕಿಗೆ ಒದ್ದೆ ಕಾಂಕ್ರೀಟೂ ಪಾಚಿಯೂ ಒಂದೇ ರೀತಿ ಮಿಂಚುತ್ತವೆ.

'ನಿಧಾನ ಹೋಗಿ' ಅನ್ನುವವರಿಗೆ ಒಂದು ಮಾತು. ಇಳಿಜಾರಿನಲ್ಲಿ ನಡಿಗೆಯ ವೇಗದಲ್ಲಿ ಹೋದವರೂ ಬಿದ್ದಿದ್ದಾರೆ. ದ್ವಿಚಕ್ರದ ಟೈರಿನ ಗೆರೆ ಕನಿಷ್ಠ 0.8 ಮಿ.ಮೀ. ಆಳ ಇರಬೇಕು ಅಂತ ನಿಯಮವಿದೆ, ಸವೆದ ಟೈರಿನಲ್ಲಿ ಓಡಾಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಅವರನ್ನು ಬೈಯಲೇಬೇಕು. ಆದರೆ ಹೊಸ ಟೈರಿನ ಗೆರೆ ನೀರನ್ನು ಹೊರಗೆ ತಳ್ಳುತ್ತದೆ, ಲೋಳೆಯಂಥ ಪಾಚಿಯನ್ನು ತಳ್ಳುವುದಿಲ್ಲ. 2019ರಿಂದ 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಬಿಎಸ್ ಬ್ರೇಕ್ ವ್ಯವಸ್ಥೆ ಕಡ್ಡಾಯವಾಗಿದೆ. ಅದು ಚಕ್ರ ಕಚ್ಚಿ ನಿಲ್ಲದಂತೆ ತಡೆಯುತ್ತದೆ ಅಷ್ಟೆ, ರಸ್ತೆಯಲ್ಲೇ ಇಲ್ಲದ ಹಿಡಿತವನ್ನು ಎಲ್ಲಿಂದ ತರುತ್ತದೆ? ಬಸ್ಸಿಗೆ ಹೋಗಿ ಅನ್ನುತ್ತೀರಾ? ನಮ್ಮ ಒಳ ಊರುಗಳಿಗೆ ಸಂಜೆ ಬಸ್ಸೇ ಇಲ್ಲ. ಶಕ್ತಿ ಯೋಜನೆ ಬಂದರೂ ಈ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಹಾಗಾಗಿ ಹೆಣ್ಣುಮಕ್ಕಳೆಲ್ಲ ಸ್ಕೂಟರ್ ಹಿಡಿದಿದ್ದೇವೆ.

ಕೆನಡಾದಲ್ಲಿರುವ ಅಕ್ಕನ ಮಗಳು ಹೇಳುತ್ತಿದ್ದಳು, ಅಲ್ಲಿ ಚಳಿಗಾಲದಲ್ಲಿ ರಸ್ತೆ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟುತ್ತದಂತೆ, ನೋಡಿದರೆ ಸುಮ್ನೆ ಒದ್ದೆಯಾದಂತೆ ಕಾಣುತ್ತದಂತೆ. ಬ್ಲ್ಯಾಕ್ ಐಸ್ ಅನ್ನುತ್ತಾರೆ. ಸೇತುವೆಗೆ ಮೇಲಿಂದಲೂ ಕೆಳಗಿಂದಲೂ ತಣ್ಣನೆ ಗಾಳಿ ಹೊಡೆಯುವುದರಿಂದ ಅಲ್ಲೇ ಮೊದಲು ಕಟ್ಟುವುದು. ಅವಳೂ ಕೆಲಸ ಮುಗಿಸಿ ಕತ್ತಲಲ್ಲೇ ಹಳ್ಳಿ ರಸ್ತೆಯಲ್ಲಿ ಕಾರು ಓಡಿಸುವವಳು. ನನಗೆ ಹಿಡಿಸಿದ್ದು ಇನ್ನೊಂದು ಮಾತು. ಹಿಮ ಬೀಳುವ ಮುನ್ಸೂಚನೆ ಬಂದರೆ ದೊಡ್ಡ ರಸ್ತೆಗಳಿಗೆ ಮೊದಲೇ ಉಪ್ಪುನೀರು ಸಿಂಪಡಿಸಿಬಿಡುತ್ತಾರಂತೆ, ಮಂಜುಗಡ್ಡೆ ರಸ್ತೆಗೆ ಅಂಟದಿರಲಿ ಅಂತ.

ನಮಗೆ ಮುನ್ಸೂಚನೆಯೂ ಬೇಡ ಅಲ್ವಾ? ಜೂನ್ ಬಂದರೆ ಮಳೆ. ಹೋದ ವರ್ಷ ಎಲ್ಲಿ ಜಾರಿತ್ತೋ ಈ ವರ್ಷವೂ ಅಲ್ಲೇ ಜಾರುತ್ತದೆ, ಯಾವ ತಿರುವು, ಯಾವ ಮೋರಿ ಅಂತ ಹಾಲು ಹಾಕುವ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಮನೆ ಅಂಗಳಕ್ಕಾದರೆ ಮಳೆ ಹಿಡಿಯುವ ಮೊದಲೇ ಅಡಿಕೆ ದಬ್ಬೆ ಹಾಕುತ್ತೇವೆ, ಸೋಗೆ ಹಾಸುತ್ತೇವೆ, ಬಾವಿಕಟ್ಟೆ ತಿಕ್ಕುತ್ತೇವೆ. ರಸ್ತೆ ವಿಚಾರಕ್ಕೆ ಬಂದರೆ ಪಂಚಾಯಿತಿಯವರು ಇಲಾಖೆ ಕಡೆ ಕೈ ತೋರಿಸುತ್ತಾರೆ, ಇಲಾಖೆಯವರು ಪಂಚಾಯಿತಿ ಕಡೆ.

ದೊಡ್ಡ ಅನುದಾನ ಯಾರೂ ಕೇಳುತ್ತಿಲ್ಲ. ಮೇ ತಿಂಗಳಲ್ಲಿ ಚರಂಡಿ ಬಿಡಿಸಿ, ನೀರು ರಸ್ತೆಗೆ ಬರದಂತೆ ಮಾಡಿ, ಅರ್ಧ ಕೆಲಸ ಅಲ್ಲೇ ಮುಗಿಯಿತು. ವಿದ್ಯುತ್ ಲೈನಿಗೆ ಜಂಗಲ್ ಕಟಿಂಗ್ ಮಾಡುವಾಗಲೇ ರಸ್ತೆ ಮೇಲೆ ಬಾಗಿದ ಕೊಂಬೆಗಳನ್ನೂ ಸವರಿದರೆ ಸ್ವಲ್ಪ ಬಿಸಿಲು ಬೀಳುತ್ತದೆ. ಮರ ಕಡಿಯಿರಿ ಅನ್ನುತ್ತಿಲ್ಲ, ದಯವಿಟ್ಟು ಅದೊಂದು ನೆಪ ಮಾಡಿಕೊಳ್ಳಬೇಡಿ. ಮಳೆಗಾಲದ ನಡುವೆ ಒಂದೆರಡು ಸಲ ತಿರುವುಗಳಲ್ಲಾದರೂ ತಂತಿ ಬ್ರಷ್ಷಿನಲ್ಲಿ ಕೆರೆಸಿ. ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತವನ್ನೇ ರಸ್ತೆಗೂ ಹೊಯ್ಯೋಣ ಅಂತ ನಮ್ಮೂರಲ್ಲಿ ಒಬ್ಬರು ಹೇಳಿದರು. ಪಾಚಿ ಸಾಯುತ್ತದೆ ನಿಜ, ಆದರೆ ಅದು ತೊಳೆದು ಹಳ್ಳಕ್ಕೆ ಹೋದರೆ ಮೀನೂ ಸಾಯುತ್ತವೆ.

ಎಲ್ಲಕ್ಕಿಂತ ಮುಖ್ಯ, ಹೊಸ ಕಾಂಕ್ರೀಟ್ ಹಾಕುವಾಗ ಮನೆಯ ನೆಲದ ಹಾಗೆ ನುಣ್ಣಗೆ ಮಾಡಬೇಡಿ. ಹಸಿ ಇರುವಾಗಲೇ ಅಡ್ಡಕ್ಕೆ ಗಟ್ಟಿ ಬ್ರಷ್ ಎಳೆದು ಗೆರೆ ಮೂಡಿಸಬೇಕು, ಏರಿನಲ್ಲಂತೂ ಇನ್ನೂ ಆಳವಾಗಿ. ಇದು ಇಂಜಿನಿಯರುಗಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ನುಣ್ಣಗಿದ್ದರೆ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ಬಿಲ್ಲೂ ಬೇಗ ಪಾಸಾಗುತ್ತದೆ. ಇನ್ನು ಮುಂದೆ ಬಿಲ್ಲಿಗೆ ಸಹಿ ಹಾಕುವ ಮೊದಲು ಸಾಹೇಬರು ಜುಲೈ ತಿಂಗಳ ಒಂದು ಸಂಜೆ ಆ ಇಳಿಜಾರಿನಲ್ಲಿ ಸ್ಕೂಟರ್ ಹತ್ತಿ ಬರಲಿ. ಹಿಂದೆ ಕಂಟ್ರಾಕ್ಟರ್ ಕೂತಿರಲಿ.

ಇಂತಿ,
ನಿಮ್ಮ ಓದುಗಿ
ತೀರ್ಥಹಳ್ಳಿ ತಾಲ್ಲೂಕು