ಕಣ್ಣು-ಕಿವಿಗಾಗಿ ಇನ್ನೆಷ್ಟು ವರ್ಷ ಘಟ್ಟ ಹತ್ತಬೇಕು?

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,

ಅಂಕೋಲಾ ತಾಲೂಕಿನ ಒಬ್ಬ ಕೃಷಿಕನ ನಮಸ್ಕಾರಗಳು. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಕಣ್ಣು, ಕಿವಿ, ಮೂಗು, ಗಂಟಲಿನ ಬೋಧನಾ ಆಸ್ಪತ್ರೆಯೊಂದು ಬೇಕೆಂದು ಕೇಳಲು ಈ ಪತ್ರ.

ಗದ್ದೆ ಕೊಯ್ಲಿನ ಹೊತ್ತಿಗೆ ನಮ್ಮ ಆಯಿಯ ಬಲಗಣ್ಣಿಗೆ ಭತ್ತದ ತೆನೆ ತಾಗಿತು. ನೀರು ಹಾಕಿ ತೊಳೆದುಕೊಂಡು ಮತ್ತೆ ಕತ್ತಿ ಹಿಡಿದಳು. ಮರುದಿನ ಕಣ್ಣು ಕೆಂಪಾಯಿತೆಂದು ಔಷಧಿ ಅಂಗಡಿಯಲ್ಲಿ ಕೊಟ್ಟ ಹನಿ ಬಿಟ್ಟೆವು. ಕೆಂಪು ಇಳಿಯಿತು, ನಾವೂ ನಿಶ್ಚಿಂತರಾದೆವು. ಎಂಟನೇ ದಿನ ಕಪ್ಪು ಗುಡ್ಡೆಯ ಮೇಲೆ ನುಚ್ಚಕ್ಕಿಯಷ್ಟು ಬಿಳಿ ಚುಕ್ಕೆ. ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ ಮುಟ್ಟಿದೆವು. ವೈದ್ಯರು ಹುಣ್ಣನ್ನು ಚೂರು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಶಿಲೀಂಧ್ರವೆಂದರು. ನಾವು ಬಿಟ್ಟ ಹನಿಯಲ್ಲಿ ಸ್ಟೀರಾಯ್ಡ್ ಇತ್ತಂತೆ. ಅದು ಮೇಲೆ ಕೆಂಪನ್ನು ಅಡಗಿಸಿ, ಒಳಗೆ ಶಿಲೀಂಧ್ರಕ್ಕೆ ದಾರಿ ಮಾಡಿಕೊಟ್ಟಿತ್ತು.

ಆಮೇಲೆ ಹಗಲೂ ರಾತ್ರಿ ಗಂಟೆಗೊಮ್ಮೆ ಹನಿ, ವಾರಕ್ಕೆರಡು ಸಲ ಬಸ್ಸು. ಯಲ್ಲಾಪುರದ ತಿರುವುಗಳಲ್ಲಿ ಆಯಿಯ ತಲೆಯನ್ನು ನನ್ನ ಭುಜಕ್ಕೆ ಒರಗಿಸಿಕೊಂಡು, ಬಸ್ಸು ಒಂದು ಕ್ಷಣ ನೇರವಾಗುವುದನ್ನೇ ಕಾದು ಹನಿ ಬಿಡುತ್ತಿದ್ದೆ. ಅರ್ಧ ಕೆನ್ನೆಗೆ ಬೀಳುತ್ತಿತ್ತು. ಈಗ ಆ ಕಣ್ಣಿಗೆ ಬೆಳಕು, ನೆರಳು ಇಷ್ಟೇ ಗೊತ್ತಾಗುತ್ತದೆ. ಆ ಕೆರೆದು ನೋಡುವ ಪರೀಕ್ಷೆಗೆ ಬೇಕಾದದ್ದು ಒಂದು ಸೂಕ್ಷ್ಮದರ್ಶಕ, ಒಂದು ಗಾಜಿನ ಪಟ್ಟಿ, ನೋಡಲು ಕಲಿತ ಒಬ್ಬರು. ಮೊದಲ ದಿನವೇ ಅದು ಹತ್ತಿರದಲ್ಲಿ ಸಿಕ್ಕಿದ್ದರೆ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ.

2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ಜೀವಗಳು ಹೋದವು. ಆಗ ಇಡೀ ಜಿಲ್ಲೆ ಆಸ್ಪತ್ರೆ ಬೇಕೆಂದು ಕೂಗಿತು, ನಾನೂ ಕೂಗಿದೆ. 2024ರ ಜುಲೈನಲ್ಲಿ ನಮ್ಮ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ ಮುಚ್ಚಿತು. 'ಮಣಿಪಾಲಕ್ಕೆ ಹೋಗಿ' ಎಂಬ ಸಲಹೆಗೆ ಆ ದಿನಗಳಲ್ಲಿ ಅರ್ಥವೇ ಉಳಿದಿರಲಿಲ್ಲ. ಆದರೆ ಕುರುಡಾದ ಕಣ್ಣಿಗೆ, ಕೇಳದ ಕಿವಿಗೆ ಸಾವಿನ ಲೆಕ್ಕವಿಲ್ಲ. ಅದಕ್ಕಾಗಿ ಯಾರೂ ರಸ್ತೆಗಿಳಿಯುವುದಿಲ್ಲ. ಮನೆಯ ಜಗಲಿಯ ಮೂಲೆಯಲ್ಲಿ ಅದು ಮುಗಿದುಹೋಗುತ್ತದೆ.

ನಮ್ಮ ಕರಾವಳಿಯಲ್ಲಿ ಈ ಕಾಯಿಲೆಗಳಿಗೆ ಬರವಿಲ್ಲ. ಬಿಸಿಲು, ಉಪ್ಪುಗಾಳಿಯಲ್ಲಿ ಬಲೆ ಎಳೆಯುವವರ ಕಣ್ಣಿನ ಮೇಲೆ ಮಾಂಸ ಬೆಳೆಯುತ್ತದೆ. ಬೋಟಿನ ಎಂಜಿನ್ ಪಕ್ಕ ವರ್ಷಗಟ್ಟಲೆ ಕೂತವರ ಕಿವಿ ಮಂದವಾಗುತ್ತದೆ. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡರೆ ಅನ್ನದ ತುತ್ತು ನುಂಗಿಸಿ ಬೆಳಗಿನವರೆಗೆ ಕಾಯುತ್ತೇವೆ. ಕವಳ (ಎಲೆ-ಅಡಿಕೆ) ಹಾಕುವವರ ಬಾಯಿ ಮೆಲ್ಲಗೆ ಬಿಗಿದುಕೊಳ್ಳುವುದನ್ನು ಹಲ್ಲುನೋವೆಂದು ತಳ್ಳಿಹಾಕುತ್ತೇವೆ. ಹುಟ್ಟಿದ ಮಗುವಿಗೆ ಕಿವಿ ಕೇಳುತ್ತದೆಯೇ ಎಂಬುದನ್ನು ಮಲಗಿದ್ದಲ್ಲೇ ಕೆಲವೇ ನಿಮಿಷದಲ್ಲಿ ಪರೀಕ್ಷಿಸಬಹುದು. ಕೇಳದ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಕಿವಿಯೊಳಗೆ ಕೂರಿಸುವ ಶ್ರವಣ ಸಾಧನ) ಹಾಕಿಸಿದರೂ ಮಾತು ಕಲಿಸುವ ತರಬೇತಿ ವರ್ಷಗಟ್ಟಲೆ ನಡೆಯಬೇಕು. ಅದಕ್ಕಾಗಿ ಕೂಲಿ ಬಿಟ್ಟು ಮತ್ತೆ ಮತ್ತೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗಲು ಭಟ್ಕಳದ ಯಾವ ತಾಯಿಗೆ ಸಾಧ್ಯ?

ಕಾರವಾರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅದಕ್ಕೆ ಸೇರಿದಂತೆ ಕಣ್ಣು, ಕಿವಿ, ಮೂಗು, ಗಂಟಲಿಗೇ ಮೀಸಲಾದ ಬೋಧನಾ ಆಸ್ಪತ್ರೆಯೊಂದನ್ನು ಕೊಡಿ. ಇದು ಹೊಸ ಕಲ್ಪನೆಯೇನಲ್ಲ. ನೂರು ವರ್ಷ ದಾಟಿದ ಮಿಂಟೋ ಕಣ್ಣಾಸ್ಪತ್ರೆ ಬೆಂಗಳೂರು ವೈದ್ಯಕೀಯ ಕಾಲೇಜಿಗೆ ಸೇರಿದ್ದು. ಹೈದರಾಬಾದಿನ ಕೋಠಿಯಲ್ಲಿ ಕಿವಿ, ಮೂಗು, ಗಂಟಲಿಗೇ ಸರ್ಕಾರಿ ಆಸ್ಪತ್ರೆಯಿದೆ.

ಬೋಧನಾ ಆಸ್ಪತ್ರೆಯೇ ಬೇಕು ಎನ್ನಲು ಕಾರಣವಿದೆ. ಬರೀ ಕಟ್ಟಡ, ಯಂತ್ರ ಕೊಟ್ಟರೆ ತಜ್ಞರೊಬ್ಬರು ವರ್ಗವಾದ ದಿನ ಬಾಗಿಲಿಗೆ ಬೀಗ. ಸ್ನಾತಕೋತ್ತರ ವಿದ್ಯಾರ್ಥಿಗಳಿದ್ದರೆ ನಡುರಾತ್ರಿಯೂ ಒಬ್ಬರು ಎದ್ದಿರುತ್ತಾರೆ, ಪ್ರತಿ ವರ್ಷ ಹೊಸಬರು ಬರುತ್ತಾರೆ, ಕಲಿತವರಲ್ಲಿ ಕೆಲವರಾದರೂ ಇಲ್ಲೇ ನಿಲ್ಲುತ್ತಾರೆ. ಅವರನ್ನು ಸರದಿಯಂತೆ ಶಿರಸಿ, ಕುಮಟಾ, ಭಟ್ಕಳದ ತಾಲೂಕು ಆಸ್ಪತ್ರೆಗಳಿಗೂ ಕಳಿಸಬಹುದು. ಆಸ್ಪತ್ರೆ ಕಾರವಾರಕ್ಕೋ ಕುಮಟಾಕ್ಕೋ ಶಿರಸಿಗೋ ಎಂಬ ಜಗಳದಲ್ಲಿ ನಾವು ಈಗಾಗಲೇ ಬಹಳ ಕಾಲ ಕಳೆದಿದ್ದೇವೆ, ಇದರಲ್ಲಿ ತಪ್ಪು ನಮ್ಮದೂ ಇದೆ. ಕಾಲೇಜು ಇರುವಲ್ಲೇ ಆಗಲಿ.

ಮುಂದಿನ ಬಜೆಟ್ಟಿಗೆ ಮೊದಲು ಸ್ನಾತಕೋತ್ತರ ಸೀಟು, ಹಾಸಿಗೆ, ಸಿಬ್ಬಂದಿಯ ಪ್ರಸ್ತಾವವನ್ನು ತರಿಸಿಕೊಳ್ಳಿ. ಅದರಲ್ಲಿ ಮೊದಲ ದಿನದಿಂದಲೇ ತೆರೆದಿರಬೇಕಾದದ್ದು ಆ ಸೂಕ್ಷ್ಮದರ್ಶಕದ ಕೋಣೆ ಎಂದು ಬರೆಸಿ. ಮುಂದಿನ ಕೊಯ್ಲಿಗೂ ನಮ್ಮ ಹೆಂಗಸರು ಬರಿಗಣ್ಣಲ್ಲೇ ಗದ್ದೆಗಿಳಿಯುತ್ತಾರೆ.

ಇಂತಿ,
ಅಂಕೋಲಾ ತಾಲೂಕಿನ ಒಬ್ಬ ಕೃಷಿಕ