ಪುಟ್ಟಿ, ಆ ಮೆಸೇಜ್ ಇನ್ನೂ ಕಳಿಸಬೇಡ

ಪುಟ್ಟಿ,

ನಿನ್ನ ಹಳೇ ಬಾಸ್‌ಗೆ ಕಳಿಸಬೇಕು ಅಂತ ಬರೆದಿಟ್ಟಿದ್ದೀಯಲ್ಲ, ಆ ಹದಿನೇಳು ಸಾಲನ್ನು ನಿನ್ನೆ ರಾತ್ರಿ ಮೂರು ಸಲ ಓದಿದೆ. ಬೈಗುಳ ಚೆನ್ನಾಗಿದೆ. ಹನ್ನೊಂದನೇ ಸಾಲಿಗೆ ನಿಮ್ಮಮ್ಮ ಜೋರಾಗಿ ನಕ್ಕಳು, ಆಮೇಲೆ 'ಥೇಟ್ ಅಪ್ಪನೇ' ಅಂದಳು. ಅದು ಹೊಗಳಿಕೆ ಅಲ್ಲ ಅಂತ ನನಗೆ ಗೊತ್ತು.

ನಾನು ಫೌಂಡ್ರಿ ಕೆಲಸ ಬಿಟ್ಟ ಕಥೆ ನೀನು ಅರ್ಧ ಮಾತ್ರ ಕೇಳಿದ್ದೀಯ. 1998ರಲ್ಲಿ ಕುಲುಮೆಗೆ ಹಾಕುವ ಕೋಕ್ ಕಲ್ಲಿದ್ದಲ ಲೋಡಿನ ತೂಕದ ಚೀಟಿಯಲ್ಲಿ ಏನೋ ವ್ಯತ್ಯಾಸ ಬಂತು. ತಪ್ಪು ಮಾಡಿದ್ದು ಮಾಲೀಕರ ಭಾಮೈದ, ಬೈಸಿಕೊಂಡಿದ್ದು ನಾನು, ಅದೂ ಮೋಲ್ಡಿಂಗ್ ಹುಡುಗರೆಲ್ಲ ನೋಡುತ್ತಿರುವಾಗ. ಬೀರುವಿನ ಕೀ ಗೊಂಚಲನ್ನು ಮೇಜಿನ ಮೇಲೆ ಎಸೆದು 'ನಿಮ್ಮ ಲೆಕ್ಕ ನೀವೇ ಬರ್ಕೊಳ್ಳಿ' ಅಂದು ಎದ್ದು ಬಂದೆ. ಮದುವೆ ಮನೆಗಳಲ್ಲಿ ನಾನು ಹೇಳುವುದು ಇಷ್ಟೇ.

ಹೇಳದೇ ಇರುವ ಅರ್ಧ ಇದು. ಶಿವಮೊಗ್ಗದಲ್ಲಿ ಫೌಂಡ್ರಿಯವರೆಲ್ಲ ಒಂದೇ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದರು, ಸಂಜೆಯೊಳಗೆ ಸುದ್ದಿ ಎಲ್ಲ ಕಡೆ ಮುಟ್ಟಿತ್ತು. ನಾಲ್ಕು ತಿಂಗಳು ಯಾರೂ ಕೆಲಸ ಕೊಡಲಿಲ್ಲ. ನೀನಾಗ ಮನೆ ತುಂಬಾ ಓಡಾಡುತ್ತಿದ್ದೆ. ಇದ್ದ ದುಡ್ಡು ಅಂದರೆ ಪಿಎಫ್. ಆಗ ಅದನ್ನು ತೆಗೆಯುವ ಅರ್ಜಿ, ಫಾರ್ಮ್ 19ಕ್ಕೆ, ಮಾಲೀಕರ ಸಹಿ ಬೇಕಿತ್ತು. ಯಾರ ಮುಖಕ್ಕೆ ಕೀ ಎಸೆದಿದ್ದೆನೋ ಅವರ ಸಹಿ!

ಮೂರು ಸಲ ಹೋದೆ. ಮೂರನೇ ಸಲ ಅವರು ನನ್ನೆದುರಿಗೇ ಉಳಿದ ಕಾಗದಗಳಿಗೆಲ್ಲ ಒಂದೊಂದಾಗಿ ಸಹಿ ಹಾಕಿದರು, ನನ್ನ ಫಾರ್ಮ್ ಬಂದಾಗ ಅದನ್ನು ಪಕ್ಕಕ್ಕೆ ಸರಿಸಿ ಮೇಲೆ ಪೇಪರ್‌ವೇಟ್ ಇಟ್ಟರು. ಒಂದು ಮಾತಿಲ್ಲ. ಬಾಗಿಲ ಹತ್ತಿರ ಅಟೆಂಡರ್ ಪಿಸುಗುಟ್ಟಿದ, 'ಹನ್ನೊಂದರ ಕಾಫಿ ಆದ್ಮೇಲೆ ಬನ್ನಿ ಸಾರ್, ಬೇರೆ ಯಾರೂ ಇರಲ್ಲ.' ಅಂದರೆ ಜನರ ಮುಂದೆ ಅವರು ಸೋಲುವಂತಿಲ್ಲ, ಅಷ್ಟೇ ವಿಷಯ. ಮಾರನೇ ದಿನ ಹಾಗೇ ಹೋದೆ. ಸಹಿ ಹಾಕಿದರು. ಹಾಕಿ, ತಲೆ ಎತ್ತದೆ, ಭದ್ರಾವತಿ ಪಾರ್ಟಿಯ ಬಾಕಿ ಯಾವ ಲೆಡ್ಜರ್‌ನಲ್ಲಿದೆ ಅಂತ ಕೇಳಿದರು. ಹೇಳಿದೆ. ಪಾಪ, ನಾಲ್ಕು ತಿಂಗಳಿಂದ ಹುಡುಕುತ್ತಿದ್ದರೋ ಏನೋ!

ಗ್ರಾಚ್ಯುಟಿ, ಅಂದರೆ ದುಡಿದ ವರ್ಷಗಳ ಲೆಕ್ಕಕ್ಕೆ ಬಿಡುವಾಗ ಕೊಡುವ ಇಡುಗಂಟು, ಅದನ್ನು ಮಾತ್ರ ಕೇಳಲೇ ಇಲ್ಲ. ಕೊನೆಯ ಸಂಬಳ 3,900, ಭಾಗಿಸು 26, ಗುಣಿಸು 15, ಆರು ವರ್ಷಕ್ಕೆ 13,500 ರೂಪಾಯಿ. ಕಾನೂನು ಪ್ರಕಾರ ನನ್ನದೇ ದುಡ್ಡು, ಆದರೆ ಇನ್ನೊಂದು ಸಲ ಆ ಬಾಗಿಲಲ್ಲಿ ನಿಲ್ಲಲು ಮನಸ್ಸಾಗಲಿಲ್ಲ. ಆ ಒಂದು ಡೈಲಾಗಿನ ರೇಟು ಅಷ್ಟು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಪಿಎಫ್‌ಗೆ ನೀನು ಯಾರ ಮುಂದೆಯೂ ನಿಲ್ಲಬೇಕಾಗಿಲ್ಲ. ಯುಎಎನ್ ಇದೆ, ಅದು ನಿನ್ನ ಹೆಸರಿನ ಪಿಎಫ್ ನಂಬರ್. ಕೆಲಸ ಬಿಟ್ಟ ದಿನಾಂಕವನ್ನು ಕಂಪನಿಯವರು ಹಾಕದೇ ಹೋದರೂ, ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ನೀನೇ ಆಧಾರ್ ಓಟಿಪಿ ಕೊಟ್ಟು ಹಾಕಿಕೊಳ್ಳಬಹುದು. ನಿನಗೆ ಅವರಿಂದ ಬೇಕಾಗಿರುವುದು ರಿಲೀವಿಂಗ್ ಲೆಟರ್ ಮತ್ತು ಬಾಕಿ ಸಂಬಳ. ಹೊಸ ಕಂಪನಿಯವರು ವಿಚಾರಿಸಲು ಫೋನ್ ಮಾಡಿದಾಗ ಒಂದು ನೆಟ್ಟಗಿನ ಮಾತೂ ಬೇಕು. ಈ ಮೂರೂ ಕೈಗೆ ಬರುವ ತನಕ ಆ ನಿನ್ನ ಬಾಸ್ ರಾತ್ರಿ ಹತ್ತೂವರೆಗೆ 'ವೆಂಡರ್ ಶೀಟ್ ಎಲ್ಲಿ?' ಅಂತ ಮೆಸೇಜ್ ಮಾಡಿದರೆ ಬೆಳಿಗ್ಗೆ ಹತ್ತೂವರೆಗೆ ಉತ್ತರ ಕೊಡು. ರಾತ್ರಿ ಮೆಸೇಜ್ ತೆರೆದೂ ನೋಡಬೇಡ, ನೀಲಿ ಗೆರೆ ಬಿದ್ದರೆ ಆಮೇಲೆ ಅದೊಂದು ರಗಳೆ. 'ಸರ್, ಹ್ಯಾಂಡೋವರ್ ಫೋಲ್ಡರ್‌ನಲ್ಲಿ ಮೂರನೇ ಫೈಲು.' ಮುಗೀತು.

ಲೆಟರ್ ವಿಷಯವನ್ನು ಅದೇ ಮೆಸೇಜಿಗೆ ಅಂಟಿಸಬೇಡ. 'ಲೆಟರ್ ಕೊಡಿ, ಆಮೇಲೆ ಹೇಳ್ತೀನಿ' ಅಂದರೆ ಅದು ಚೌಕಾಶಿ ಆಗುತ್ತದೆ, ಚೌಕಾಶಿಯಲ್ಲಿ ಅವರು ನಿನಗಿಂತ ಹಳಬರು. ಅದಕ್ಕೆ ಎಚ್‌ಆರ್‌ಗೆ ಬೇರೆ ಮೇಲ್ ಹಾಕು, ಬಾಸ್ ಹೆಸರು ಸಿಸಿಯಲ್ಲಿರಲಿ. ರಾಜೀನಾಮೆ ಕೊಟ್ಟ ದಿನ, ಕೊನೆಯ ದಿನ, ಲ್ಯಾಪ್‌ಟಾಪ್ ವಾಪಸ್ ಕೊಟ್ಟ ದಿನ, ಏನೇನು ಬಾಕಿ. ಐದು ಸಾಲು ಸಾಕು. 'ಬೇಸರವಾಗಿದೆ' ಅನ್ನುವ ಮಾತೇ ಬೇಡ, ಬೇಸರಕ್ಕೆ ಎಚ್‌ಆರ್‌ನಲ್ಲಿ ಕಾಲಂ ಇರುವುದಿಲ್ಲ.

ಹೊಸ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ, ಕೆಲಸ ಬಿಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು ಅಂತ ಅದರಲ್ಲಿದೆ. ಇದು ನಿನ್ನ ಜೇಬಿನಲ್ಲಿರಲಿ. ಮೊದಲ ಮೇಲ್‌ನಲ್ಲೇ ತೆಗೆದು ತೋರಿಸಿದರೆ ಅವರೂ ಕಾನೂನಿನವರನ್ನೇ ಮುಂದೆ ಬಿಡುತ್ತಾರೆ. ಎರಡು ಮೇಲ್‌ಗೂ ಉತ್ತರ ಬರದಿದ್ದರೆ ಮೂರನೆಯದರಲ್ಲಿ ಒಂದೇ ಸಾಲು, ಜೋರಿಲ್ಲದೆ.

ಒಂದು ವಿಷಯಕ್ಕೆ ಮಾತ್ರ ಮುಲಾಜು ನೋಡಬೇಡ. 'ಒಂದ್ಸಲ ಲಾಗಿನ್ ಆಗಿ ನೋಡಿ ಹೇಳಮ್ಮ' ಅಂದರೆ ಆಗಲ್ಲ ಅನ್ನು. ಬಿಟ್ಟ ಕಂಪನಿಯ ಸಿಸ್ಟಮ್ಮಿಗೆ ಕೈ ಹಾಕಿದರೆ ನಾಳೆ ಏನೇ ಎಡವಟ್ಟಾದರೂ ಹೆಸರು ನಿನ್ನದೇ ಬರುತ್ತದೆ. 'ಸರ್, ನನ್ನ ಐಡಿ ಈಗ ಬಳಸುವಂತಿಲ್ಲ, ಐಟಿಯವರಿಗೆ ಹೇಳಿ' ಅಂದರೆ ಯಾರಿಗೂ ಅವಮಾನ ಆಗುವುದಿಲ್ಲ.

ನೀನು ಕೃತಘ್ನೆ ಅಂತ ಬಾಸ್ ಟೀಮಿನವರ ಹತ್ತಿರ ಹೇಳಿಕೊಂಡು ಓಡಾಡುತ್ತಿದ್ದಾರೆ ಅಂದೆಯಲ್ಲ, ಅದು ನನಗೂ ಚುಚ್ಚಿತು. ನಾಲ್ಕು ವರ್ಷ ಹಬ್ಬಕ್ಕೂ ಲ್ಯಾಪ್‌ಟಾಪ್ ಹೊತ್ತು ಊರಿಗೆ ಬಂದವಳು ನೀನು. ಆದರೂ ಹೊಸ ಆಫೀಸಿನಲ್ಲಿ ಅವರ ಬಗ್ಗೆ ಯಾರಾದರೂ ಕೆದಕಿದರೆ 'ಕೆಲಸ ಕಲಿತೆ' ಅಂದು ಸುಮ್ಮನಾಗು. ಸುಳ್ಳೇನಲ್ಲ, ಕಲಿತಿದ್ದೀಯ. ಆ ಫೌಂಡ್ರಿಯಲ್ಲೇ ನಾನು ಬ್ಯಾಲೆನ್ಸ್ ಶೀಟ್ ಕಲಿತಿದ್ದು, ಇವತ್ತಿಗೂ ಒಪ್ಪಿಕೊಳ್ಳಲು ಕಷ್ಟ.

ಎಚ್‌ಆರ್‌ಗೆ ಹಾಕುವ ಮೇಲ್ ಬರೆದು ಮೊದಲು ನನಗೆ ಕಳಿಸು, ತಾರೀಖುಗಳನ್ನು ಒಂದ್ಸಲ ನೋಡುತ್ತೇನೆ. ಚಟ್ನಿಪುಡಿ ಗುರುವಾರದ ಬಸ್ಸಿಗೆ ಹಾಕುತ್ತೇವೆ. ಹದಿನೇಳು ಸಾಲನ್ನು ಅಳಿಸಬೇಡ, ನಮ್ಮಲ್ಲೇ ಇರಲಿ. ಹನ್ನೊಂದನೆಯದನ್ನು ಅಮ್ಮ ಆಗಲೇ ಚಿಕ್ಕಮ್ಮನಿಗೆ ಫೋನಿನಲ್ಲಿ ಓದಿ ಹೇಳಿಯಾಗಿದೆ.

ಅಪ್ಪ